ತಾಮ್ರದ ಬಿಂದಿಗೆಯ ನೀರು

ಲಿಂಗವಂತರ ಮನೆಯ ಪಡಸಾಲೆಯಲ್ಲಿ ಸೀಗಡಿಗಳಿವೆಯೆಂದರೆ ಓದುಗ ಬಂಧುಗಳು ಹುಬ್ಬೇರಿಸುವುದು ಸಹಜವೇ. ಅವು ಬಂದದ್ದು ಅಡುಗೆಮನೆಗಲ್ಲ, ಗಾಜಿನ ತೊಟ್ಟಿಗೆ. ಎಂಟನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗ ಮಧುಗಿರಿಯ ನಮ್ಮ ಮನೆಯಲ್ಲಿ ಸುಮಾರು 50 ಲೀಟರು ಹಿಡಿಯುವ ತೊಟ್ಟಿಯನ್ನಿಟ್ಟು ಗಪ್ಪಿ ಮೀನು, ಬಸವನಹುಳು ಮತ್ತು ಜಲಸಸ್ಯಗಳನ್ನು ಸಾಕಿದ್ದ. ಕಳೆದ ವರ್ಷ ಅದಕ್ಕೆ 12 ಕೆಂಪು ಸೀಗಡಿಗಳನ್ನು ತಂದು ಸೇರಿಸಿದ. ಇವಕ್ಕೆ ಚೆರ್ರಿ ಸೀಗಡಿಯೆಂದು ಹೆಸರು. ಮೂಲತಃ ಚೀನಾ, ತೈವಾನ್ ಕಡೆಯ ಸಿಹಿನೀರಿನವು. ಉದ್ದ ಒಂದಂಗುಲ ಮಾತ್ರ. ಬೆಳೆದವನ್ನು ಗಪ್ಪಿಗಳು ಮುಟ್ಟುವುದಿಲ್ಲ, ಮರಿಗಳನ್ನು ಮಾತ್ರ ನುಂಗುತ್ತವೆ. ಆದುದರಿಂದ ಮರಿಗಳು ಅಡಗಲೆಂದು ಅವನು ಒಂದು ಮೂಲೆಯಲ್ಲಿ ದಟ್ಟವಾಗಿ ಹಾವಸೆಯಂಥ ಸಸ್ಯವನ್ನು ಬೆಳೆಸಿದ್ದ.

ಅವು ದಿನವಿಡೀ ಪುಟ್ಟ ಕೈಗಳಿಂದ ಕಲ್ಲು, ಎಲೆಗಳ ಮೇಲಿನ ಪಾಚಿಯನ್ನು ಹೆಕ್ಕಿ ಬಾಯಿಗಿಟ್ಟುಕೊಳ್ಳುವುದನ್ನು ನೋಡುತ್ತಿದ್ದರೆ ನನಗೆ ಬಾಲ್ಯ ನೆನಪಾಗುತ್ತಿತ್ತು. ನನ್ನ ಹುಟ್ಟೂರು ಕೊರಟಗೆರೆ ಸೀಮೆಯದು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಆಗ ಮಳೆಗಾಲ ಕಳೆದ ಮೇಲೂ ಮಡುಗಳಲ್ಲಿ ಉಳಿದಿರುತ್ತಿತ್ತು. ಬೊಗಸೆಯಲ್ಲಿ ನೀರೆತ್ತಿದರೆ ಗಾಜಿನಂಥ ಮರಿಸೀಗಡಿಗಳು ಚಿಮ್ಮುತ್ತಿದ್ದವು. ಮುಂದೆ ಮಠದ ಪಾಠಶಾಲೆಗೆ ಸೇರಿದಾಗ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಬೇಕು, ಬಟ್ಟೆಗೆ ಹತ್ತಿದ ಜೀವಿಗಳನ್ನು ಮರಳಿ ಬಾವಿಗೇ ಬಿಡಬೇಕು ಎಂದು ಗುರುಗಳು ಕಲಿಸಿದರು. ನೀರಿನ ವಿಷಯದಲ್ಲಿ ನನಗೆ ತಿಳಿಯದ್ದಿಲ್ಲವೆಂಬ ಒಂದು ಭಾವನೆ ಅಂದಿನಿಂದಲೇ ಬೆಳೆದಿರಬೇಕು.

ರಜೆಗೆಂದು ಶಿರಾದ ಅತ್ತೆಯ ಮನೆಗೆ ಹೊರಟ ಮೊಮ್ಮಗ, "ತಾತ, ನೀರು ಇಳಿದರೆ ಆ ಬಕೆಟ್‌ನಲ್ಲಿರೋದನ್ನೇ ಹಾಕಿ, ಬೇರೆ ಬೇಡ" ಎಂದು ಹೇಳಿಯೇ ಹೋಗಿದ್ದ. ಬಕೆಟ್ಟಿನಲ್ಲಿದ್ದುದು ಕೊಳವೆಬಾವಿಯ ಗಡಸು ನೀರು. ಅಂಚಿಗೆಲ್ಲ ಸುಣ್ಣದಂತೆ ಬಿಳಿಯ ಪೊರೆ ಕಟ್ಟಿತ್ತು. ಅದನ್ನು ಜೀವಿಗಳಿಗೆ ಹಾಕಲು ನನ್ನ ಮನಸ್ಸು ಒಪ್ಪಲಿಲ್ಲ. ಇದಕ್ಕೆ ಕಾರಣವೂ ಉಂಟು. ಪಾವಗಡಕ್ಕೆ ಕೊಟ್ಟ ನನ್ನ ತಂಗಿ ನಲವತ್ತು ವರ್ಷ ಅಲ್ಲಿಯ ಕೊಳವೆಬಾವಿಯ ನೀರನ್ನೇ ಕುಡಿದವಳು. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದ ಫ್ಲೋರೈಡು ಆ ಸೀಮೆಯ ಅನೇಕ ಬಾವಿಗಳಲ್ಲಿ ಮೀರಿದೆ. ಅವಳ ಹಲ್ಲು ಕಂದಿದೆ, ಮಂಡಿ ಬಾಗದು. ಆದಕಾರಣ ನಮ್ಮ ಮನೆಗೆ ಶುದ್ಧ ಕುಡಿಯುವ ನೀರಿನ ಘಟಕದಿಂದಲೇ ಕ್ಯಾನು ತರುವ ಪದ್ಧತಿ. ನಾನು ಅದನ್ನು ರಾತ್ರಿ ತಾಮ್ರದ ಬಿಂದಿಗೆಯಲ್ಲಿ ತುಂಬಿಟ್ಟು ಬೆಳಗ್ಗೆ ಲಿಂಗಪೂಜೆಯ ಅಗ್ಘವಣಿಗೂ ಕುಡಿಯುವುದಕ್ಕೂ ಬಳಸುವವನು. ಇದಕ್ಕಿಂತ ಶುದ್ಧವಾದುದು ಯಾವುದು? ತೊಟ್ಟಿಯ ಅರ್ಧ ನೀರನ್ನು ಚೊಂಬಿನಿಂದ ಮೊಗೆದು ಚೆಲ್ಲಿ, ಎರಡು ಬಿಂದಿಗೆ ಸುರಿದೆ. ತೊಟ್ಟಿ ಥಳಥಳಿಸಿತು. ನನಗೆ ಸಂತೋಷವೂ ಆಯಿತು.

ಮೂರನೆಯ ದಿನಕ್ಕೆ ಒಂಬತ್ತು ಸೀಗಡಿಗಳು ಮಗ್ಗುಲಾಗಿ ಬಿದ್ದಿದ್ದವು. ಬಸವನಹುಳುಗಳು ಚಿಪ್ಪಿನೊಳಗೆ ಸೇರಿ ಹೊರಬರಲಿಲ್ಲ. ಮೀನುಗಳು ಮಾತ್ರ ಏನೂ ಆಗದವರಂತೆ ಈಜುತ್ತಿದ್ದವು.

ಬಂದ ಹುಡುಗ ಕೇಳಿದಾಗ ನಾನು, "ಪೊರೆ ಬಿಟ್ಟಿರಬೇಕು ಕಣಪ್ಪ" ಎಂದುಬಿಟ್ಟೆ. ಸೀಗಡಿಗಳು ಬೆಳೆಯುವಾಗ ಹಳೆಯ ಚಿಪ್ಪನ್ನು ಕಳಚುತ್ತವೆಂದು ಅವನೇ ನನಗೆ ಹೇಳಿದ್ದ. ಅವನು ಒಂದೊಂದನ್ನೂ ಅಂಗೈಯಲ್ಲಿಟ್ಟು ನೋಡಿದ. "ಪೊರೆ ಟೊಳ್ಳಾಗಿ ಗಾಜಿನ ಹಾಗಿರುತ್ತೆ ತಾತ. ಇವು ಸತ್ತಿವೆ" ಎಂದ. ಹೆಚ್ಚು ಮಾತಾಡಲಿಲ್ಲ. ಹೋಗುವಾಗ ತಾನು ಹಾಕಿದ ತಿಂಡಿ ಹೆಚ್ಚಾಗಿ ನೀರು ಕೆಟ್ಟಿರಬೇಕೆಂದು ತನ್ನನ್ನೇ ಹಳಿದುಕೊಂಡು, ಆ ತಿಂಡಿಯ ಡಬ್ಬಿಯನ್ನು ಬಚ್ಚಿಟ್ಟ. ಬಿಂದಿಗೆಯ ಸಂಗತಿಯನ್ನು ನಾನು ಆಗ ಹೇಳಲಿಲ್ಲ. ಪ್ರವಚನದ ಪೀಠದಲ್ಲಿ ಸತ್ಯಶುದ್ಧ ನಡೆನುಡಿಯ ಬಗೆಗೆ ಗಂಟೆಗಟ್ಟಲೆ ಮಾತನಾಡಿದ ನಾಲಗೆ ಹದಿಮೂರು ವರ್ಷದ ಹುಡುಗನೆದುರು ಮೂರು ದಿನ ಏಳಲಿಲ್ಲ.

ನಾಲ್ಕನೆಯ ದಿನ ಶಿರಾದಿಂದ ಅಳಿಯಂದಿರು ಬಂದರು. ಅವರದು ದಾಳಿಂಬೆಯ ತೋಟ. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ಅವರಿಗೆ ನಿತ್ಯದ ಕೆಲಸ. (ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆರೋಗಕ್ಕೆ ಈ ಔಷಧವನ್ನು ಬಳಕೆಗೆ ತಂದವರು ಲೆಸ್ಲಿ ಕೋಲ್ಮನ್ ಎಂಬುದನ್ನು ತೋಟಗಾರರು ಬಲ್ಲರು.) ತೊಟ್ಟಿಯನ್ನು ನೋಡಿದವರೇ, "ಮಾವ, ಮೀನು ಉಳಿದು ಬಸವನಹುಳು ಸತ್ತಿದೆ ಅಂದ್ರೆ ಇದು ತಾಮ್ರದ ಕೆಲಸ. ಮೈಲುತುತ್ತ ಬಿದ್ದ ಹೊಂಡದಲ್ಲಿ ಹೀಗೇ ಆಗೋದು" ಎಂದರು. ಮೊಮ್ಮಗ ಅಲ್ಲೇ ನಿಂತಿದ್ದ. ಆಗ ಹೇಳಿದೆ.

ತರುವಾಯ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುವುದು ಉಪಯುಕ್ತವೆಂದು ಭಾವಿಸುತ್ತೇನೆ. ರಾತ್ರಿಯಿಡೀ ತಾಮ್ರದಲ್ಲಿ ನಿಂತ ನೀರಿಗೆ ತಾಮ್ರದ ಅಂಶ ಇಳಿಯುತ್ತದೆ. ಲವಣಗಳನ್ನು ಕಳೆದುಕೊಂಡ ಘಟಕದ ನೀರು ಲೋಹವನ್ನು ಇನ್ನೂ ಸುಲಭವಾಗಿ ಕರಗಿಸಿಕೊಳ್ಳುತ್ತದೆ. ಮನುಷ್ಯನಿಗೆ ಅಷ್ಟು ತಾಮ್ರದಿಂದ ಬಾಧೆಯಿಲ್ಲ. ಸೀಗಡಿಯ ರಕ್ತದಲ್ಲಿ ಉಸಿರನ್ನು ಹೊರುವುದು ನಮ್ಮಲ್ಲಿಯಂತೆ ಕಬ್ಬಿಣವಲ್ಲ, ತಾಮ್ರವೇ. ಆದರೂ ನೀರಿನಲ್ಲಿ ಅದು ತುಸು ಹೆಚ್ಚಾದರೆ ಅವುಗಳ ಕಿವಿರು ಕೆಡುತ್ತದೆ. ಅಷ್ಟೇ ಅಲ್ಲ, ಹೊಸ ಚಿಪ್ಪು ಗಟ್ಟಿಯಾಗಲು ಸುಣ್ಣದ ಅಂಶ ಬೇಕು. ಕಳಚಿದ ಪೊರೆಯನ್ನು ಅವು ತಿನ್ನುವುದೂ ಅದಕ್ಕಾಗಿಯೇ. ಅದನ್ನು ಕಸವೆಂದು ತೆಗೆಯಲಾಗದು. ನಾನು ಹೇಸಿದ ಬಕೆಟ್ಟಿನ ಬಿಳಿಯ ಪೊರೆ ಅವುಗಳಿಗೆ ಬೇಕಾದ ಸುಣ್ಣವೇ ಆಗಿತ್ತು.

"ಬಕೆಟ್ ನೋಡೋಕೆ ಚೆನ್ನಾಗಿರಲಿಲ್ಲ ಅಂತ ತಾನೆ ತಾತ?" ಎಂದು ಮಾತ್ರ ಅವನು ಕೇಳಿದ. ಹೌದೆಂದೆ.

ಉಳಿದ ಮೂರರಲ್ಲಿ ಒಂದು ಹೆಣ್ಣು. ಎರಡು ತಿಂಗಳ ಮೇಲೆ ಅದರ ಹೊಟ್ಟೆಯಡಿ ಸಾಸಿವೆಗಿಂತ ಸಣ್ಣ ಮೊಟ್ಟೆಗಳು ಕಂಡವು. ತಾಯಿ ಅವನ್ನು ಮೂರು ನಾಲ್ಕು ವಾರ ಹೊತ್ತು, ಬಾಲದ ಕೆಳಗಿನ ಕಾಲುಗಳಿಂದ ಬೀಸುತ್ತಲೇ ಇರುತ್ತದೆ. ಮರಿಗಳು ಹುಟ್ಟುವಾಗಲೇ ತಾಯಿಯ ಆಕಾರದವು. ಈಗ ತೊಟ್ಟಿ ತುಂಬಿದೆ. ಹೆಚ್ಚಾದವನ್ನು ಜಯಮಂಗಲಿಗೆ ಬಿಡೋಣವೆಂದ ಹುಡುಗನಿಗೆ ನಾನು ಸಮ್ಮತಿಸಲಿಲ್ಲ. ಪರದೇಶದ ಜೀವಿ ನಮ್ಮ ಹೊಳೆಯಲ್ಲಿ ನೆಲೆಯೂರಿದರೆ ಅಲ್ಲಿಯವುಗಳ ಗತಿಯೇನು? ಯುರೋಪಿನ ಕೆಲವು ಬೆಚ್ಚನೆಯ ನೀರುಗಳಲ್ಲಿ ಇವೇ ಸೀಗಡಿಗಳು ಹೀಗೆ ನೆಲೆಸಿವೆ.

ಕೊನೆಗೆ ಹತ್ತನ್ನು ಪಾವಗಡದ ತಂಗಿಯ ಮನೆಗೆ ಒಯ್ದೆವು. ಅವಳ ಮೊಮ್ಮಗಳು ತಿಂಗಳ ಹಿಂದೆಯೇ ತೊಟ್ಟಿ ಸಿದ್ಧಮಾಡಿದ್ದಳು. ಹೊಸ ನೀರಿಗೆ ಒಗ್ಗಲೆಂದು ಇವನು ಸಣ್ಣ ಕೊಳವೆಯಿಂದ ಹನಿಹನಿಯಾಗಿ ನೀರು ಬಿಡುತ್ತ ಎರಡು ಗಂಟೆ ಕುಳಿತ. ತಂಗಿ ಮಣೆಯ ಮೇಲೆ ಕಾಲು ನೀಡಿ ನೋಡುತ್ತಿದ್ದಳು. "ನನ್ನ ಮಂಡಿ ಹಿಡಿದ ನೀರು, ಇವಕ್ಕೆ ಆಗುತ್ತೇನಪ್ಪಾ?" ಎಂದಳು. "ಬೋರ್ ನೀರಿಗೆ ಘಟಕದ್ದು ಅರ್ಧ ಬೆರೆಸಿದ್ದೀವಿ ಅಜ್ಜಿ. ಮೊದಲು ಎರಡೇ ಬಿಡ್ತೀನಿ" ಎಂದು ಅವನು ಬಟ್ಟಲನ್ನು ಬಾಗಿಸಿದ.