ಅಕ್ಕನವರ ಭಾವಚಿತ್ರ

ಕಳೆದ ವರ್ಷ ನಾವು ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದಾಗ ನಮ್ಮ ಚಿರಂಜೀವಿಯು ಒಂದು ಕ್ಯಾಮೆರಾವನ್ನು ತಂದುಕೊಟ್ಟನು. ಅದಕ್ಕೆ ಇದ್ದುದು ಒಂದೇ ಲೆನ್ಸು. 18ರಿಂದ 200 ಮಿಲಿಮೀಟರಿನವರೆಗೆ ಹಿಗ್ಗಿ ಕುಗ್ಗುವಂಥದು. “ಅಪ್ಪಾ, ಪ್ರವಾಸಕ್ಕೆ ಇದೊಂದಿದ್ದರೆ ಸಾಕು” ಎಂದನು. ಎಲ್ಲಕ್ಕೂ ಸಲ್ಲುವ ಲಕ್ಷಣದಲ್ಲಿ ಅತಿವ್ಯಾಪ್ತಿದೋಷವಿರುವುದೆಂದು ತರ್ಕದ ಪಾಠ ಹೇಳಿಸಿಕೊಂಡಿದ್ದ ನಾವು ಆಗಲೇ ಎಚ್ಚರಗೊಳ್ಳಬೇಕಾಗಿತ್ತು.

ನಮ್ಮ ಅಕ್ಕನವರು ನಮಗಿಂತ ಹನ್ನೆರಡು ವರ್ಷ ಹಿರಿಯರು. ತಾಯಿ ತೀರಿದ ಮೇಲೆ ನಮ್ಮನ್ನು ಸಾಕಿದವರು. ಈಗ ಸರಸ್ವತಿ ನಗರದ ನಮ್ಮ ಮನೆಯಲ್ಲಿಯೇ ಇದ್ದಾರೆ. ಅವರದೆಂಬ ಒಳ್ಳೆಯ ಭಾವಚಿತ್ರ ಮನೆಯಲ್ಲಿ ಒಂದೂ ಇರಲಿಲ್ಲ. ಶ್ರಾವಣದಲ್ಲಿ ಅವರು ಹರಿಹರೇಶ್ವರನ ದರ್ಶನವಾಗಬೇಕೆಂದಾಗ, ಸುಮಾರು 14 ಕಿಲೋಮೀಟರಿನ ಪಯಣವೇನು ದೊಡ್ಡದೆಂದು ಕ್ಯಾಮೆರಾವನ್ನು ಹೆಗಲಿಗೇರಿಸಿ ಹೊರಟೆವು.

ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಕ್ರಿ.ಶ. 1224ರ ಸುಮಾರಿಗೆ ಕಟ್ಟಿಸಿದ ಆ ದೇಗುಲದ ಮಂಟಪದಲ್ಲಿ, ತಿರುಗಣೆಯಲ್ಲಿ ಕಡೆದಂತಿರುವ ಕಂಬಗಳ ನಡುವೆ ಅಕ್ಕನವರು ಕುಳಿತರು. ನಾವು ದೂರದಲ್ಲಿ ನಿಂತು ಲೆನ್ಸನ್ನು ತುದಿಯವರೆಗೆ ಎಳೆದು ಹತ್ತಾರು ಚಿತ್ರಗಳನ್ನು ತೆಗೆದೆವು. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ, ಕೆಲವದರಲ್ಲಿ ಕಂಬವು ಕನ್ನಡಿಯಂತೆ ಸ್ಪಷ್ಟ, ಅಕ್ಕನವರ ಮುಖ ಮಂಜು. ಉಳಿದವುಗಳಲ್ಲಿ ಕಂಬವೂ ಮಂಜು. ಅಕ್ಕನವರು ಏನೂ ಅನ್ನಲಿಲ್ಲ. “ನನ್ನ ಕಣ್ಣೇ ಮಂಜಾಗಿರಬೇಕು, ಬಿಡೋ” ಎಂದರಷ್ಟೆ. ಅದು ನಮ್ಮನ್ನು ಬೈಗುಳಿಗಿಂತ ಹೆಚ್ಚಾಗಿ ನೋಯಿಸಿತು.

ಆಮೇಲೆ ನಾವು ವಿದ್ಯಾರ್ಥಿಗಳಾದೆವು. ಮಹಡಿಯ ಗೋಡೆಗೆ ವೃತ್ತಪತ್ರಿಕೆಯ ಹಾಳೆಯೊಂದನ್ನು ಅಂಟಿಸಿ, ಟ್ರೈಪಾಡಿನ ಮೇಲೆ ಕ್ಯಾಮೆರಾವನ್ನಿಟ್ಟು, ಒಂದೊಂದು ದೂರಕ್ಕೂ ಒಂದೊಂದು ರಂಧ್ರಕ್ಕೂ ಚಿತ್ರ ತೆಗೆದು ಅಕ್ಷರಗಳನ್ನು ಹೋಲಿಸಿದೆವು. (ನೆರೆಮನೆಯವರು ಮೇಷ್ಟರಿಗೆ ಏನಾಯಿತೆಂದು ಮನೆಯವರನ್ನು ವಿಚಾರಿಸಿದರಂತೆ.) 200ರ ತುದಿಯಲ್ಲಿ, ಎಫ್ 6.3ರಷ್ಟು ತೆರೆದ ರಂಧ್ರದಲ್ಲಿ ಅಕ್ಷರಗಳ ಅಂಚು ಹಿಟ್ಟಾಗಿದ್ದಿತು. ಎಫ್ 8ಕ್ಕೆ ಕಿರಿದು ಮಾಡಿದೊಡನೆ ಒತ್ತಕ್ಷರಗಳು ಬಿಡಿಸಿಕೊಂಡವು. ಇನ್ನೂ ಕಿರಿದಾದರೆ ಇನ್ನೂ ಲೇಸೆಂದು ಎಫ್ 22ಕ್ಕೆ ಹೋದರೆ ಪುನಃ ಮಂಕು. ಅತಿ ಕಿರಿದಾದ ಕಂಡಿಯಲ್ಲಿ ಬೆಳಕು ವಿವರ್ತನೆಗೊಂಡು ಹರಡುವುದೇ ಅದಕ್ಕೆ ಕಾರಣ. 200ಕ್ಕಿಂತ 135ರಲ್ಲಿ ನಮ್ಮ ಲೆನ್ಸು ಹೆಚ್ಚು ಪ್ರಾಮಾಣಿಕವಾಗಿದ್ದಿತು. ಜೂಮನ್ನು ತಿರುಗಿಸಿದಾಗಲೆಲ್ಲ ಫೋಕಸನ್ನು ಹೊಸದಾಗಿ ಹಿಡಿಯಬೇಕೆಂಬುದೂ ತಿಳಿಯಿತು.

ಆದರೆ ನಮ್ಮ ಅಪರಾಧ ಬೇರೆಯೇ ಇದ್ದಿತು. ಯಾವುದರ ಮೇಲೆ ಫೋಕಸ್ ನಿಲ್ಲಬೇಕೆಂಬುದನ್ನು ನಾವು ಯಂತ್ರಕ್ಕೆ ಬಿಟ್ಟಿದ್ದೆವು. ಅದು ಹೊಳೆಯುವ ಕಂಬವನ್ನು ಆರಿಸಿಕೊಂಡಿತು. ಶಟರಿನ ಕಾಲವಾದರೋ ಸೆಕೆಂಡಿನ ಮೂವತ್ತರಲ್ಲೊಂದು ಪಾಲು. ನಮ್ಮ ಕ್ಯಾಮೆರಾದ ಚಿಕ್ಕ ಸಂವೇದಕಕ್ಕೆ 200ರ ತುದಿಯು 300ಕ್ಕೆ ಸಮ. ಆದ್ದರಿಂದ ಕೈಯಲ್ಲಿ ಹಿಡಿದಾಗ ಮುನ್ನೂರರಲ್ಲೊಂದು ಪಾಲಾದರೂ ಬೇಕು. ಲೆನ್ಸಿನಲ್ಲಿ ಕಂಪನನಿವಾರಣೆಯಿದೆಯೆಂದು ನಾವು ಮೈಮರೆತಿದ್ದೆವು. ಅದು ತಡೆಯುವುದು ನಮ್ಮ ಕೈಯ ನಡುಕವನ್ನು. ಅಕ್ಕನವರ ಕತ್ತು ಕೆಲವು ತಿಂಗಳಿಂದ ಸಣ್ಣಗೆ ಅಲುಗುತ್ತಿದ್ದುದನ್ನು, ಒಂದೇ ಮನೆಯಲ್ಲಿದ್ದೂ, ನಾವು ಆ ಕೆಟ್ಟ ಚಿತ್ರಗಳಿಂದಲೇ ಮೊದಲು ಅರಿತೆವು. ವೈದ್ಯರಿಗೆ ತೋರಿಸಿದೆವು, ವಯಸ್ಸಿನಲ್ಲಿ ಬರುವ ನಡುಕವೆಂದರು, ಔಷಧ ಕೊಟ್ಟರು.

ಕಾರ್ತಿಕದ ಒಂದು ಬೆಳಿಗ್ಗೆ ಪುನಃ ಹರಿಹರಕ್ಕೆ ಹೋದೆವು. ಈ ಬಾರಿ ಅಕ್ಕನವರನ್ನು ಮಂಟಪದ ಅಂಚಿಗೆ, ಎಳೆಬಿಸಿಲು ಓರೆಯಾಗಿ ಬೀಳುವೆಡೆಗೆ ಕೂರಿಸಿದೆವು. ನಾವೇ ನಾಲ್ಕು ಹೆಜ್ಜೆ ಹತ್ತಿರ ಹೋಗಿ ಲೆನ್ಸನ್ನು 100ಕ್ಕೆ ತಂದೆವು. ಎಫ್ 8, ಐನೂರರಲ್ಲೊಂದು ಪಾಲು. ಐಎಸ್ಒ 800ಕ್ಕೇರಿದುದರಿಂದ ಚಿತ್ರ ಕೊಂಚ ಮರಳುಮರಳಾದರೂ ಆಗಲೆಂದುಕೊಂಡೆವು. ಫೋಕಸಿನ ಒಂದೇ ಒಂದು ಚುಕ್ಕೆಯನ್ನು ಅವರ ಎಡಗಣ್ಣಿನ ಮೇಲಿಟ್ಟೆವು.

ಚಿತ್ರದಲ್ಲಿ ರೆಪ್ಪೆಯ ಕೂದಲು ಎಣಿಸುವಂತಿತ್ತು, ಮೂಗುತಿಯ ಹರಳಿನಲ್ಲಿ ಬಿಸಿಲಿನ ಕಿಡಿಯಿತ್ತು. ಅಕ್ಕನವರು ಕನ್ನಡಕವನ್ನೇರಿಸಿ ಬಹಳ ಹೊತ್ತು ನೋಡಿದರು.

“ಇಷ್ಟು ಮುದುಕಿಯಾದೆನೇನೋ? ಮೊದಲಿನದೇ ಚೆನ್ನಾಗಿತ್ತು” ಎಂದರು. ಆದರೂ ಚೌಕಟ್ಟು ಹಾಕಿಸಲು ಸಂಜೆಯೇ ನಮ್ಮನ್ನು ಅಂಗಡಿಗೆ ಅಟ್ಟಿದರು.