ಘಟ್ಟವೇರುವ ಮಾಲುಗಾಡಿಗಳು

ಎಷ್ಟೋ ವರ್ಷ ಶಾಲೆಯ ನಕಾಶೆಯ ಮೇಲೆ ಬೆತ್ತದ ತುದಿಯಿಂದ ಸಹ್ಯಾದ್ರಿಯನ್ನು ತೋರಿಸಿದ ನಾವು, ರೈಲುಗಾಡಿಯು ಅದನ್ನು ಹೇಗೆ ಏರುವದೆಂಬುದನ್ನು ಕಣ್ಣಾರೆ ಕಂಡದ್ದು ಕಳೆದ ಮಾರ್ಗಶಿರ ಮಾಸದಲ್ಲಿ. ಛಾಯಾಚಿತ್ರದ ಹವ್ಯಾಸವುಳ್ಳ ಸೋದರಳಿಯನೊಡನೆ ಹಾನಗಲ್ಲಿನಿಂದ ನಸುಕಿನಲ್ಲಿಯೇ ಹೊರಟು, ಶಿಗ್ಗಾಂವಿಯ ಮಾರ್ಗವಾಗಿ ಹುಬ್ಬಳ್ಳಿಯನ್ನು ಸೇರಿ, ಅಲ್ಲಿಂದ ರೈಲಿನಲ್ಲಿ ಲೋಂಡಾ ದಾಟಿ, ಮಧ್ಯಾಹ್ನಕ್ಕೆ ಕ್ಯಾಸಲ್ ರಾಕಿನಲ್ಲಿ ಇಳಿದೆವು.

ಈ ಊರು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನದು. ಗೋವೆಯು ಪೋರ್ತುಗೀಜರ ವಶದಲ್ಲಿದ್ದಾಗ ಇದು ಗಡಿಯ ಸ್ಟೇಶನ್ನಾಗಿದ್ದು, ಪ್ರವಾಸಿಗಳ ಗಂಟುಮೂಟೆಗಳನ್ನು ಸುಂಕದವರು ಇಲ್ಲಿ ಪರೀಕ್ಷಿಸುತ್ತಿದ್ದರು. 1878ರಲ್ಲಿ ಇಂಗ್ಲಿಷರಿಗೂ ಪೋರ್ತುಗೀಜರಿಗೂ ಆದ ಒಪ್ಪಂದದ ಫಲವಾಗಿ, ಮುಂದಿನ ದಶಕದಲ್ಲಿ ಮಾರ್ಮಗೋವೆ ಬಂದರದಿಂದ ಇಲ್ಲಿಯ ವರೆಗೆ ಹಳಿ ಬಂದಿತು. ನಮ್ಮ ಧಾರವಾಡ ಸೀಮೆಯ ಹತ್ತಿಯೂ ಈ ದಾರಿಯಿಂದ ಸಮುದ್ರವನ್ನು ಕಂಡಿತು. ಆ ಮೀಟರಗೇಜಿನ ಹಳಿಯು 1990ರ ದಶಕದಲ್ಲಿ ಅಗಲವಾಯಿತು. ಈಗ ಕೆಳಗಿನಿಂದ ಕಲ್ಲಿದ್ದಲು ಮೇಲೇರಿ, ಬಳ್ಳಾರಿ ಸೀಮೆಯ ಉಕ್ಕಿನ ಕಾರಖಾನೆಗಳಿಗೆ ಹೋಗುವದು.

ಕುಳೆಯಿಂದ ಇಲ್ಲಿಗೆ ಸುಮಾರು 26 ಕಿಲೋಮೀಟರು. ಏರು 37ಕ್ಕೆ 1. ಅಂದರೆ 37 ಮಾರು ಮುಂದರಿದರೆ ಒಂದು ಮಾರು ಮೇಲಕ್ಕೆ. ಎತ್ತಿನ ಬಂಡಿಗೆ ಇದು ಲೆಕ್ಕಕ್ಕಿಲ್ಲ. ಕಬ್ಬಿಣದ ಮೇಲೆ ಕಬ್ಬಿಣದ ಗಾಲಿ ಜಾರುವ ರೈಲಿಗೆ ಮಾತ್ರ ಇದು ದೊಡ್ಡ ಪರೀಕ್ಷೆ. ಆದುದರಿಂದ ಮುಂದೆ ಮೂರು ಎಂಜಿನ್ನುಗಳು ಎಳೆದರೆ, ಹಿಂದೆ ಎರಡು ತಳ್ಳುವವು.

ಸ್ಟೇಶನ್ ಮಾಸ್ತರರ ಅಪ್ಪಣೆ ಪಡೆದು, ಹಳಿಯಿಂದ ದೂರದಲ್ಲಿ ನಿಂತೆವು. ಮೊದಲು ಗಾಡಿ ಕಾಣಲಿಲ್ಲ, ಅದರ ಗುಡುಗು ಕೇಳಿಸಿತು. ಬಹಳ ಹೊತ್ತಿನ ಮೇಲೆ ಎಂಜಿನ್ನುಗಳು ಮನುಷ್ಯನ ನಡಿಗೆಯಷ್ಟೇ ವೇಗದಿಂದ ತಿರುವಿನಲ್ಲಿ ಹೊರಬಿದ್ದವು. ಡಬ್ಬಿಗಳನ್ನು ಎಣಿಸತೊಡಗಿದೆವು, ಐವತ್ತರ ಹತ್ತಿರ ಲೆಕ್ಕ ತಪ್ಪಿತು. ಸಾಂಖ್ಯರ ಅಂಧಪಂಗುನ್ಯಾಯವು ನೆನಪಾಯಿತು: ಹಿಂದಿನ ಚಾಲಕನಿಗೆ ದಾರಿ ಕಾಣದು, ಮುಂದಿನವನಿಗೆ ಒಬ್ಬನೇ ಏರುವ ಬಲವಿಲ್ಲ. ಅಳಿಯನು, “ಮಾಮಾ, ಮುಂದ ಹಿಂದ ಎರಡೂ ಒಂದ ಚಿತ್ರದಾಗ ಬರವಲ್ಲವು” ಎಂದು ಹಲುಬಿದನು. ಸಂಜೆಯ ವರೆಗೆ ಮೂರು ಗಾಡಿಗಳಾದರೂ ಅವು ಒಂದೇ ಚಿತ್ರದಲ್ಲಿ ಸೇರಲಿಲ್ಲ.

ಇಳಿಯುವ ಗಾಡಿಗಳು ಇಲ್ಲಿ ನಿಂತು ಬ್ರೇಕಿನ ಪರೀಕ್ಷೆಯಾದ ಹೊರತು ಮುಂದೆ ಹೋಗವು. ಏರುವದಕ್ಕಿಂತ ಇಳಿಯುವದೇ ಅಪಾಯವೆಂಬುದನ್ನು ಮನುಷ್ಯರೂ ಇಲ್ಲಿ ಕಲಿಯಬಹುದು.

ಈ ಒಂಟಿ ಹಳಿಯನ್ನು ಜೋಡಿ ಮಾಡಬೇಕೆಂಬ ಯೋಜನೆಗೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸಮಿತಿಯಿತ್ತ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ರದ್ದುಪಡಿಸಿತು. ಹೋಗುವಾಗ ನಮಗೆ ಇದು ಸರಿದೋರಿರಲಿಲ್ಲ; ಗಾಡಿಗಳು ತಾಸುಗಟ್ಟಲೆ ಕಾಯುವದೇಕೆಂದು ವಾದಿಸಿದ್ದೆವು. ನಮ್ಮ ರೈತನ ಕುಳವೂ ಉಕ್ಕಿನಿಂದಲೇ ಆಗಬೇಕಷ್ಟೆ! ಆದರೆ ಆ ಸಂಜೆ ಕಾಡಿನ ಮೇಲೆ ಮೋಡವೊಂದು ಪಡುವಣದಿಂದ ಮೆಲ್ಲನೆ ಏರಿ ಬಂದಿತು. ಹಾನಗಲ್ಲ, ಹಿರೇಕೆರೂರುಗಳ ಕೆರೆಗಳನ್ನು ತುಂಬಿಸುವ ಮಳೆಗಾಲದ ಮೋಡಗಳೂ ಸಹ್ಯಾದ್ರಿಯನ್ನು ಹೀಗೆಯೇ ಭಾರ ಹೊತ್ತು ಏರುವವು. ಅವುಗಳ ನೀರನ್ನು ಹಿಡಿದಿಡುವದು ಈ ಅಡವಿಯೇ. ಕಲ್ಲಿದ್ದಲು ಒಂದು ತಾಸು ತಡವಾದರೆ ನಡೆದೀತು, ಮಳೆ ತಪ್ಪಿದರೆ ನಡೆಯದು. ಮರಳುವಾಗ ನಾವು ವಾದವನ್ನು ಹಿಂದೆಗೆದುಕೊಂಡೆವು.