ಕರಿಕಾಳು

ಸಜ್ಜೆಯ ಪೈರು ಹೂವಾಡುವ ಹೊತ್ತಿಗೆ ಮೋಡ ಕವಿದು ಸೋನೆಮಳೆ ಹಿಡಿದರೆ ಒಕ್ಕಲಿಗನ ಮುಖ ಬಾಡುತ್ತದೆ. ಕೆಲವೇ ದಿನಗಳಲ್ಲಿ ತೆನೆಯ ಮೇಲೆ ಜೋನಿಬೆಲ್ಲದಂಥ ಅಂಟುರಸ ಹನಿಹನಿಯಾಗಿ ಕಾಣಿಸಿಕೊಳ್ಳುವುದುಂಟು. ಅದು ಇಬ್ಬನಿಯಲ್ಲ, ಅರ್ಗಟ್ ಎಂಬ ಶಿಲೀಂಧ್ರದ ಬೀಜಕಣಗಳು ತುಂಬಿದ ರಸ. ಸಿಹಿಗೆ ಮರುಳಾದ ಕೀಟಗಳು ಅದನ್ನು ತೆನೆಯಿಂದ ತೆನೆಗೆ ಹೊತ್ತೊಯ್ಯುತ್ತವೆ. ಪರಾಗವು ಇಳಿಯಬೇಕಾದ ಹಾದಿಯಲ್ಲಿಯೇ ಶಿಲೀಂಧ್ರವೂ ಇಳಿದು ಹೂವಿನ ಒಡಲನ್ನು ಸೇರುತ್ತದೆ. ಪರಾಗ ಮೊದಲು ಬಂದರೆ ಕಾಳು ಉಳಿಯಿತು; ಇಲ್ಲವಾದರೆ ಕಾಳಿರಬೇಕಾದಲ್ಲಿ ಗಟ್ಟಿಯಾದ ಕರಿಯ ಗಂಟೊಂದು ಬೆಳೆಯುತ್ತದೆ. ಮದುವಣಿಗನಿಗಿಂತ ಮೊದಲೇ ಕಳ್ಳನು ಮನೆ ಹೊಕ್ಕಂತೆ!

ಯೂರೋಪಿನ ರೈ ಧಾನ್ಯದಲ್ಲಿ ಬೆಳೆಯುವ ಅರ್ಗಟ್ ಇದಕ್ಕಿಂತಲೂ ಕ್ರೂರವಾದುದು. ಅದರ ವಿಷವು ರಕ್ತನಾಳಗಳನ್ನು ಹಿಂಡಿಬಿಡುತ್ತದೆ. ಕೈಕಾಲುಗಳು ಬೆಂಕಿ ತಗುಲಿದಂತೆ ಉರಿದು, ಕಪ್ಪಾಗಿ, ಕಳಚಿ ಬೀಳುತ್ತಿದ್ದವು. ರೈನ್ ನದಿಯ ಪ್ರಾಂತದಲ್ಲಿ 857ರಷ್ಟು ಹಿಂದೆಯೇ ಇಂತಹ ವ್ಯಾಧಿ ಹಬ್ಬಿದುದು ದಾಖಲೆಯಾಗಿದೆ. ಜನ ಅದನ್ನು ‘ಸಂತ ಅಂತೋಣಿಯ ಬೆಂಕಿ’ ಎಂದು ಕರೆದು, ಆ ಸಂತನ ಹೆಸರಿನ ಮಠಗಳಿಗೆ ಮೊರೆಹೊಕ್ಕರು. ಅಲ್ಲಿ ಕೆಲವರಿಗೆ ಗುಣವೂ ಆಗುತ್ತಿತ್ತು. ಮಠದ ರೊಟ್ಟಿಯಲ್ಲಿ ಕರಿಕಾಳು ಇಲ್ಲದಿದ್ದುದೇ ಕಾರಣವಿರಬಹುದೆಂದು ಊಹಿಸುವುದುಂಟು. ದಿನವೂ ತಿನ್ನುವ ಅನ್ನವನ್ನೇ ಶಂಕಿಸುವುದು ಮನುಷ್ಯನಿಗೆ ಸುಲಭವೇ? ಆ ಕರಿಗಂಟನ್ನು ರೈ ಗಿಡದ ಸಹಜ ಅಂಗವೆಂದೇ ಭಾವಿಸಿದವರೂ ಇದ್ದರು. ಫ್ರಾನ್ಸಿನ ತುಲಾನ್ ಎಂಬ ವಿಜ್ಞಾನಿ 1853ರಲ್ಲಿ ಈ ಶಿಲೀಂಧ್ರದ ಜೀವನಚಕ್ರವನ್ನು ಬಿಡಿಸಿ ತೋರಿಸಿದನು.

ನಮ್ಮ ಸಜ್ಜೆಯ ಅರ್ಗಟ್ ಕೈಕಾಲುಗಳನ್ನು ಕೀಳುವುದಿಲ್ಲ. ವಾಂತಿ, ತಲೆಸುತ್ತು, ಮಂಪರುಗಳನ್ನು ತರುತ್ತದೆ. ಅದಕ್ಕೆ ಉಪಾಯ ಅಡುಗೆಮನೆಯಲ್ಲಿಯೇ ಇದೆ. ಹತ್ತು ಲೀಟರು ನೀರಿಗೆ ಎರಡು ಕಿಲೋ ಉಪ್ಪು ಕರಗಿಸಿ ಬಿತ್ತನೆಯ ಕಾಳನ್ನು ಸುರಿದರೆ, ಹಗುರವಾದ ಕರಿಗಂಟುಗಳು ತೇಲುತ್ತವೆ. ಅವನ್ನು ತೆಗೆದುಹಾಕಿ, ಮುಳುಗಿದ ಕಾಳನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು.

ಎಲ್ಲ ಬೂಷ್ಟೂ ಹೀಗೆ ತೇಲಿ ಬರುವುದಿಲ್ಲ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯಲ್ಲಿ ಅಕಾಲದ ಮಳೆಗೆ ನೆನೆದ ಜೋಳ ಮತ್ತು ಮುಸುಕಿನಜೋಳಕ್ಕೆ ಬೂಷ್ಟು ಹಿಡಿಯಿತು. ಅದನ್ನು ಉಂಡ ಹಳ್ಳಿಗರು ಹೊಟ್ಟೆನೋವು, ಭೇದಿಗಳಿಂದ ನರಳಿದರು. ಫ್ಯುಮೊನಿಸಿನ್ ಎಂಬ ವಿಷ ಆ ಕಾಳಿನಲ್ಲಿತ್ತು. ರೊಟ್ಟಿ ಬೇಯುವ ಕಾವಿಗೆ ಅದು ಸಂಪೂರ್ಣವಾಗಿ ಅಳಿಯುವುದಿಲ್ಲ. ನರಳಿದವರು ಕಡುಬಡವರು. ಕಾಳಿನ ಬಣ್ಣ ಕೆಟ್ಟಿದ್ದುದು ಅವರ ಕಣ್ಣಿಗೆ ಬೀಳದೆ ಇರಲಿಲ್ಲ. ಆದರೆ ಮನೆಯಲ್ಲಿ ಬೇರೆ ಕಾಳಿರಲಿಲ್ಲ.